ಅಂಗಳದಲ್ಲೇ ಕಾರಿನ ಎಂಜಿನ್ ಆಯಿಲ್ ಬದಲಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ನಮ್ಮ ಕಾರು ನಿಲ್ಲುವ ಜಾಗದಲ್ಲಿ ದಿನಾ ಬೆಳಿಗ್ಗೆ ರೂಪಾಯಿ ಅಗಲದ ಒಂದು ಆಯಿಲ್ ಕಲೆ ಕಾಣತೊಡಗಿತು. ಹಿಂದಿನ ವಾರವಷ್ಟೇ ಸರ್ವೀಸ್ ಮಾಡಿಸಿ ತಂದ ಗಾಡಿ ಅದು. ಟಾರ್ಚ್ ಹಿಡಿದು ಅಡಿಗೆ ಮಲಗಿ ನೋಡಿದರೆ, ಎಂಜಿನ್ನಿನ ತಳದ ಆಯಿಲ್ ಚೇಂಬರಿನಲ್ಲಿ, ಹಳೆ ಆಯಿಲ್ ಇಳಿಸಲೆಂದು ಇರುವ ಡ್ರೈನ್ ಬೋಲ್ಟ್ ಸುತ್ತ ಜಿನುಗುತ್ತಿತ್ತು. ಬೋಲ್ಟ್ ಬಿಗಿಯಲು ಬಳಸುವ, ಗಾಳಿಯಿಂದ ಓಡುವ ಗನ್ನಿನಲ್ಲಿ ಪ್ರತಿ ಸಲವೂ ಅಳತೆ ಮೀರಿ ಬಿಗಿದದ್ದರಿಂದ ಚೇಂಬರಿನ ಥ್ರೆಡ್ ಸವೆದುಹೋಗಿತ್ತು. ಹತ್ತಿಪ್ಪತ್ತು ರೂಪಾಯಿಯ ವಾಷರ್ ಹೊಸದು ಹಾಕಿ, ಕೈಯಲ್ಲೇ ಹದವಾಗಿ ಬಿಗಿದಿದ್ದರೆ ಆಗುತ್ತಿದ್ದ ಕೆಲಸಕ್ಕೆ ಇಡೀ ಚೇಂಬರ್ ಬದಲಿಸಬೇಕಾಯಿತು. ಕಾರಿನಿಂದ ನಮ್ಮ ಬಾವಿಗೆ ಹದಿನೈದು ಮಾರು ದೂರ ಅಷ್ಟೇ. ಆ ಕಲೆ ನೋಡಿದಾಗ ನನ್ನನ್ನು ಹೆಚ್ಚು ಕಾಡಿದ್ದು ಖರ್ಚಲ್ಲ, ಬಾವಿ.

ಅಲ್ಲಿಂದ ಈಚೆಗೆ ಆಯಿಲ್ ನಾನೇ ಬದಲಿಸುತ್ತೇನೆ. ನನ್ನದು 1.2 ಲೀಟರಿನ ಪೆಟ್ರೋಲ್ ಸ್ವಿಫ್ಟ್. ಬೇರೆ ಸಣ್ಣ ಕಾರುಗಳಲ್ಲೂ ಕೆಲಸ ಹೆಚ್ಚುಕಡಿಮೆ ಇದೇ. ಅಳತೆಗಳು ಮಾತ್ರ ನಿಮ್ಮ ಕಾರಿನ ಓನರ್ಸ್ ಮ್ಯಾನುವಲ್‌ನಲ್ಲಿ ಇದ್ದಂತೆ. ವಾರಂಟಿ ಮತ್ತು ಉಚಿತ ಸರ್ವೀಸ್ ಇರುವಷ್ಟು ಕಾಲ ಕಂಪನಿಯ ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ, ದಾಖಲೆ ಇಟ್ಟುಕೊಳ್ಳಿ. ಮುಂದೆ ಎಂಜಿನ್ ವಿಷಯದಲ್ಲಿ ತಕರಾರು ಬಂದರೆ ಆ ಕಾಗದವೇ ನಿಮ್ಮ ಆಧಾರ.

ಯಾವಾಗ ಬದಲಿಸಬೇಕು

ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಈ "ಒಂದು ವರ್ಷ"ವನ್ನು ಮರೆಯುವವರೇ ಹೆಚ್ಚು. ಗಾಡಿ ಓಡದಿದ್ದರೂ ಆಯಿಲ್ ಕೆಡುತ್ತದೆ. ಅದರೊಳಗೆ ಬರೀ ಎಣ್ಣೆ ಇರುವುದಿಲ್ಲ; ಮಸಿಯನ್ನು ತೊಳೆದು ತೇಲಿಸಿಟ್ಟುಕೊಳ್ಳುವ, ಆಮ್ಲವನ್ನು ತಟಸ್ಥ ಮಾಡುವ, ಲೋಹ ಲೋಹ ಉಜ್ಜದಂತೆ ಪದರ ಕಟ್ಟುವ ರಾಸಾಯನಿಕಗಳೂ ಇರುತ್ತವೆ. ಕಾಲ ಕಳೆದಂತೆ ಖರ್ಚಾಗಿ ಹೋಗುವುದು ಇವೇ.

ಮ್ಯಾನುವಲ್‌ನ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆ ಎಂಬ ಪ್ರತ್ಯೇಕ ಕೋಷ್ಟಕ ಇರುತ್ತದೆ. ಅದನ್ನು ಓದಿ. ಪದೇ ಪದೇ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವುದು, ದೂಳಿನ ರಸ್ತೆ, ಟ್ರಾಫಿಕ್‌ನಲ್ಲಿ ಎಂಜಿನ್ ಓಡುತ್ತಲೇ ನಿಂತಿರುವುದು, ಇವೆಲ್ಲ ಕಠಿಣ ಬಳಕೆಯೇ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವ ಕಾರು ಒಂದು ಗಂಟೆ ಓಡಿದರೂ ಮೀಟರಿನಲ್ಲಿ ಏರುವುದು ಹತ್ತು ಕಿ.ಮೀ. ಮಾತ್ರ, ಆಯಿಲ್ ದುಡಿದದ್ದು ಒಂದು ಗಂಟೆ ಪೂರ್ತಿ. ಅಂಥ ಕಾರಿಗೆ 10,000 ಕಿ.ಮೀ. ಕಾಯದೆ 5,000ರಿಂದ 6,000 ಕಿ.ಮೀ.ಗೇ ಬದಲಿಸುವುದು ನನ್ನ ಸಲಹೆ.

ಆಯಿಲ್ ಆರಿಸುವುದು

ಡಬ್ಬಿಯ ಮೇಲೆ ನೋಡಬೇಕಾದ ಬರಹ ಎರಡೇ. ಮೊದಲನೆಯದು 5ಡಬ್ಲ್ಯೂ-30 ಎಂಬಂಥ ಗ್ರೇಡ್. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಸಂಖ್ಯೆ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಮುಂದಿನ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ಹೇಳುತ್ತದೆ. "ನಮ್ಮೂರಲ್ಲಿ ಮಂಜು ಬೀಳಲ್ಲ, ಮೊದಲ ಸಂಖ್ಯೆ ಎಷ್ಟಿದ್ದರೇನು" ಅನ್ನುವವರಿದ್ದಾರೆ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಆಯಿಲ್ ಚೇಂಬರಿನಿಂದ, ವಾಲ್ವ್ ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಏರಬೇಕು. ಅಲ್ಲಿಗೆ ತಲುಪುವ ತನಕ ಆ ಶಾಫ್ಟ್ ಹಳೆಯ ಪದರದ ಮೇಲೇ ಸುತ್ತುತ್ತಿರುತ್ತದೆ. ಸೆಖೆಯ ಊರಿನಲ್ಲೂ ಆ ಮೊದಲ ಕೆಲವು ಸೆಕೆಂಡು ಮುಖ್ಯವೇ. ಹಾಗೆಯೇ "ದಪ್ಪ ಆಯಿಲ್ ಹಾಕಿ, ಎಂಜಿನ್ ಗಟ್ಟಿ ಬರುತ್ತೆ" ಎಂಬ ಮಾತನ್ನು ಹೊಸ ಎಂಜಿನ್‌ಗಳ ವಿಷಯದಲ್ಲಿ ಕಿವಿಗೆ ಹಾಕಿಕೊಳ್ಳಬೇಡಿ. ಅವುಗಳ ಬೇರಿಂಗ್‌ನ ಸಂದುಗಳನ್ನು ತೆಳು ಆಯಿಲ್‌ಗೆಂದೇ ಅಳೆದು ಮಾಡಿರುತ್ತಾರೆ. ಪುಸ್ತಕ ಹೇಳಿದ ಗ್ರೇಡ್ ಹಾಕಿ.

ಎರಡನೆಯದು ಗುಣಮಟ್ಟದ ದರ್ಜೆ. ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಎನ್, ಎಸ್‌ಪಿ ಎಂಬ ಅಕ್ಷರಗಳಿರುತ್ತವೆ. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹೊಸ ದರ್ಜೆಯನ್ನು ಹಳೆಯ ಪೆಟ್ರೋಲ್ ಎಂಜಿನ್‌ಗೆ ಹಾಕಬಹುದು, ಹೊಸ ಎಂಜಿನ್‌ಗೆ ಹಳೆಯ ದರ್ಜೆ ಸಲ್ಲದು. ಬಿಎಸ್6 ಡೀಸೆಲ್ ಕಾರಿನವರು ಇನ್ನೂ ಜಾಗರೂಕರಾಗಿರಬೇಕು. ಅವುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಸುಟ್ಟ ಆಯಿಲಿನ ಬೂದಿ ಅದರಲ್ಲಿ ಕಟ್ಟಿಕೊಂಡರೆ ಮತ್ತೆ ಹೋಗುವುದಿಲ್ಲ. ಅದಕ್ಕಾಗಿ ಕಡಿಮೆ ಬೂದಿಯ ಆಯಿಲ್, ಎಸಿಇಎ ಸಿ2, ಸಿ3 ಎಂದು ಬರೆದಿರುವುದನ್ನು, ಪುಸ್ತಕದಲ್ಲಿ ಇದ್ದಂತೆಯೇ ತರಬೇಕು. ಕಾರಿಗೆ ಹಾಕಿ ಉಳಿದ ಆಯಿಲನ್ನು ಬೈಕಿಗೆ ಸುರಿಯುವ ಆಸೆ ಬೇಡ. ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಜಾರತೊಡಗುತ್ತದೆ.

ನಕಲಿ ಆಯಿಲ್ ನಮ್ಮ ಮಾರುಕಟ್ಟೆಯಲ್ಲಿ ನಿಜವಾದ ಪೀಡೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಿಂದ ತರುವುದಾದರೂ, ನಿಮ್ಮೂರ ಅಂಗಡಿಯಿಂದ ತರುವುದಾದರೂ ಬಿಲ್ ಕೇಳಿ. ಮುಚ್ಚಳದ ಸೀಲ್, ಬ್ಯಾಚ್ ಸಂಖ್ಯೆ, ಕ್ಯೂಆರ್ ಕೋಡ್ ಇದ್ದರೆ ಅದನ್ನೂ ನೋಡಿ. ಎಂಆರ್‌ಪಿಗಿಂತ ಅರ್ಧ ಬೆಲೆಗೆ ಕೊಡುತ್ತೇನೆಂದರೆ ಅಲ್ಲಿಂದ ಹೊರಟುಬಿಡಿ.

ನನ್ನ ಕಾರಿಗೆ ಫಿಲ್ಟರ್ ಸೇರಿ 3 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. 3.5 ಲೀಟರಿನ ಒಂದು ಡಬ್ಬಿ ತಂದರೆ ಮಧ್ಯೆ ಕಡಿಮೆ ಬಿದ್ದಾಗ ಹಾಕಲೂ ಉಳಿಯುತ್ತದೆ.

ಬೇಕಾದ ಸಾಮಾನು

ಆಯಿಲ್, ಹೊಸ ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್. ಬೋಲ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್. ಸೈಜು ಕಾರಿನಿಂದ ಕಾರಿಗೆ ಬೇರೆ, 14 ಅಥವಾ 17 ಮಿ.ಮೀ. ಹೆಚ್ಚಾಗಿ ಕಾಣುತ್ತದೆ. ಬಾಯಿ ತೆರೆದ ಸ್ಪ್ಯಾನರ್ ಅಥವಾ ಅಡ್ಜಸ್ಟ್ ಮಾಡುವ ಸ್ಪ್ಯಾನರ್ ಬಳಸಿದರೆ ಬೋಲ್ಟಿನ ಮೂಲೆ ಉರುಟಾಗುತ್ತದೆ. ಫಿಲ್ಟರ್ ಬಿಚ್ಚುವ ರೆಂಚ್, ಐದು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್, ಆಲಿಕೆ, ಹಳೇ ಬಟ್ಟೆ, ರಬ್ಬರ್ ಗ್ಲೌಸ್, ಟಾರ್ಚ್. ಟಬ್ಬನ್ನು ಇದಕ್ಕೇ ಮೀಸಲಿಡಿ, ಮತ್ತೆ ಅಡುಗೆಮನೆಗೆ ಬಚ್ಚಲಿಗೆ ಒಯ್ಯಬೇಡಿ. ಗ್ಲೌಸ್ ಅನಗತ್ಯ ಎನ್ನಿಸಬಹುದು. ಬಳಸಿದ ಆಯಿಲ್‌ನಲ್ಲಿ ಚರ್ಮಕ್ಕೆ ಕೆಡುಕು ಮಾಡುವ, ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳು ಇರುತ್ತವೆ. ದಿನಾ ಇದರಲ್ಲೇ ಕೈಯಾಡಿಸುವ ಗ್ಯಾರೇಜಿನ ಹುಡುಗರಿಗೆ ಯಾರೂ ಗ್ಲೌಸ್ ಕೊಡದಿರುವುದು ನನಗೆ ಪ್ರತಿ ಸಲವೂ ಬೇಸರ ತರಿಸುತ್ತದೆ.

ಒಂದು ಮಾತು: ಈ ಕೆಲಸವನ್ನು ಭಾನುವಾರ ಸಂಜೆ ಶುರು ಮಾಡಬೇಡಿ. ಫಿಲ್ಟರ್ ಹೊಂದಲಿಲ್ಲ, ವಾಷರ್ ಕಳೆಯಿತು ಎಂದಾಗ ಅಂಗಡಿ ತೆರೆದಿರಬೇಕು, ಹೋಗಿಬರಲು ಇನ್ನೊಂದು ಗಾಡಿಯೂ ಇರಬೇಕು. ಶನಿವಾರ ಬೆಳಿಗ್ಗೆ ಒಳ್ಳೆಯದು.

ಕಾರನ್ನು ಎತ್ತುವುದು

ಇಡೀ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಇಲ್ಲೊಂದೇ ಕಡೆ. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿಗೆ ತಲೆಯನ್ನಾಗಲಿ ತೋಳನ್ನಾಗಲಿ ಎಂದೂ ಹಾಕಬೇಡಿ. ಕೆಂಪುಕಲ್ಲು, ಹಾಲೋ ಬ್ಲಾಕ್, ಇಟ್ಟಿಗೆಗಳನ್ನೂ ಆಸರೆಗೆ ಇಡಬೇಡಿ. ಗೋಡೆಯಲ್ಲಿ ಟನ್‌ಗಟ್ಟಲೆ ಭಾರ ಹೊರುವ ಕಲ್ಲೇ, ಒಂದು ಬಿಂದುವಿನಲ್ಲಿ ಭಾರ ಬಿದ್ದರೆ ಸೂಚನೆಯನ್ನೇ ಕೊಡದೆ ಸೀಳಿಬಿಡುತ್ತದೆ.

ಸುರಕ್ಷಿತ ದಾರಿ ಎರಡು. ಒಂದು, ಮುಂದಿನ ಎರಡೂ ಚಕ್ರ ಹತ್ತಿಸುವ ಉಕ್ಕಿನ ರ‍್ಯಾಂಪ್. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಕಾರಿನ ತೂಕ ಹೇಳಿ, ಚಕ್ರ ಮುಂದಕ್ಕೆ ಹಾರದಂತೆ ತುದಿಯಲ್ಲಿ ತಡೆ ಹಾಕಿಸಿ. ಇನ್ನೊಂದು, ಹೈಡ್ರಾಲಿಕ್ ಜಾಕಿನಲ್ಲಿ ಎತ್ತಿ, ಮ್ಯಾನುವಲ್ ತೋರಿಸಿದ ಬಿಂದುಗಳ ಅಡಿಗೆ ಜಾಕ್ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಪೂರ್ತಿ ಸ್ಟ್ಯಾಂಡ್ ಮೇಲೆ ಇಳಿಸುವುದು. ಎರಡರಲ್ಲೂ ನೆಲ ಗಟ್ಟಿ ಮತ್ತು ಸಮವಾಗಿರಬೇಕು. ಸಗಣಿ ಸಾರಿಸಿದ ಅಂಗಳ, ಮಳೆಗಾಲದ ಮೆತ್ತನೆಯ ಮಣ್ಣು ಆಗದು. ಮೊದಲ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಎರಡೂ ಬದಿಗೆ ಮರದ ಅಡ್ಡೆ ಕೊಡಿ. ಅಡಿಗೆ ಹೋಗುವ ಮೊದಲು ಕಾರನ್ನು ಬದಿಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಾದರೆ ನೀವು ಹೊರಗಿರುವಾಗಲೇ ಬೀಳಲಿ.

ಹಳೆ ಆಯಿಲ್ ಇಳಿಸುವುದು

ಎತ್ತುವ ಮೊದಲೇ ಎಂಜಿನ್ನನ್ನು ಐದು ನಿಮಿಷ ಓಡಿಸಿ, ಆಫ್ ಮಾಡಿ, ಹತ್ತು ಹದಿನೈದು ನಿಮಿಷ ಬಿಡಿ. ಆಯಿಲ್ ಉಗುರುಬೆಚ್ಚಗಿದ್ದರೆ ಮಸಿಯನ್ನೂ ಎಳೆದುಕೊಂಡು ಸರಾಗವಾಗಿ ಇಳಿಯುತ್ತದೆ. ದೂರ ಓಡಿಸಿ ಬಂದ ತಕ್ಷಣ ಬಿಚ್ಚಿದರೆ ಮೊಣಕೈ ತನಕ ಸುಡುತ್ತದೆ. ಪಕ್ಕದ ಸೈಲೆನ್ಸರ್ ಪೈಪು ಅದಕ್ಕಿಂತ ಬಿಸಿ.

ಬಾನೆಟ್ ತೆರೆದು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕನ್ನು ಸ್ವಲ್ಪ ಮೇಲಕ್ಕೆಳೆದಿಡಿ. ಗಾಳಿಗೆ ದಾರಿಯಾದರೆ ಕೆಳಗೆ ಆಯಿಲ್ ತಡೆಯಿಲ್ಲದೆ ಹರಿಯುತ್ತದೆ.

ಈಗ ಡ್ರೈನ್ ಬೋಲ್ಟ್ ಗುರುತಿಸುವುದು. ಇಲ್ಲಿ ಆತುರ ಬೇಡ. ಅಡಿಯಿಂದ ನೋಡಿದರೆ ಕಾಣುವ ಬೋಲ್ಟುಗಳಲ್ಲಿ ಒಂದು ಎಂಜಿನ್‌ದು, ಇನ್ನೊಂದು ಗೇರ್‌ಬಾಕ್ಸಿನದು. ಮೊದಲ ಸಲ ಮಾಡುವವರು ಗೇರ್ ಆಯಿಲ್ ಇಳಿಸಿ, ಎಂಜಿನ್‌ಗೆ ಹೊಸ ಆಯಿಲ್ ತುಂಬಿಬಿಡುವುದುಂಟು. ಆಗ ಎಂಜಿನ್‌ನಲ್ಲಿ ದುಪ್ಪಟ್ಟು ಆಯಿಲ್, ಗೇರ್‌ಬಾಕ್ಸ್ ಪೂರ್ತಿ ಖಾಲಿ; ಹಾಗೇ ಓಡಿಸಿದರೆ ಎರಡೂ ಹಾಳು. ಆಯಿಲ್ ಚೇಂಬರ್ ಎಂಜಿನ್ನಿನ ತಳಕ್ಕೆ ಬಟ್ಟಲಿನಂತೆ ಕೂತಿರುತ್ತದೆ, ಬೋಲ್ಟ್ ಅದರ ಅತ್ಯಂತ ಕೆಳಗಿನ ಬದಿಯಲ್ಲಿರುತ್ತದೆ. ಗೇರ್‌ಬಾಕ್ಸಿನಿಂದ ಎರಡೂ ಚಕ್ರಗಳಿಗೆ ಡ್ರೈವ್ ಶಾಫ್ಟ್ ಹೊರಡುತ್ತದೆ. ಶಾಫ್ಟ್ ಎಲ್ಲಿಂದ ಹೊರಟಿದೆಯೋ ಅದು ನೀವು ಮುಟ್ಟಬಾರದ ಭಾಗ. ಬಿಚ್ಚಿದಾಗ ಬಂದದ್ದು ಕಪ್ಪಾಗಿರದೆ ಜೇನಿನ ಬಣ್ಣವಿದ್ದು ಗಂಧಕದ ವಾಸನೆ ಹೊಡೆದರೆ, ಅಥವಾ ಕೆಂಪಗಿದ್ದರೆ, ಕೂಡಲೇ ಬೋಲ್ಟ್ ವಾಪಸ್ ಹಾಕಿ.

ಬೋಲ್ಟಿನ ತಲೆಯನ್ನು ನೇರ ಎದುರಿನಿಂದ ನೋಡುತ್ತಿದ್ದೇನೆ ಎಂದುಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿ. ಬೆನ್ನ ಮೇಲೆ ಮಲಗಿದಾಗ ಎಡಬಲ ಗಲಿಬಿಲಿಯಾಗುತ್ತದೆ, ಬಿಚ್ಚುತ್ತೇನೆಂದು ಬಿಗಿಯುವುದು ಸುಲಭ. ಸಡಿಲವಾದ ಮೇಲೆ ಸ್ಪ್ಯಾನರ್ ಬದಿಗಿಟ್ಟು, ಟಬ್ಬನ್ನು ಬೋಲ್ಟಿಗಿಂತ ಒಂದು ಗೇಣು ಆಚೆಗೆ ಸರಿಸಿ. ಆಯಿಲ್ ನೆಟ್ಟಗೆ ಕೆಳಗೆ ಬೀಳುವುದಿಲ್ಲ, ಮೊದಲು ಕಾರಂಜಿಯಂತೆ ಮುಂದಕ್ಕೆ ಚಿಮ್ಮುತ್ತದೆ. ಬೋಲ್ಟನ್ನು ಒಳಕ್ಕೆ ಒತ್ತಿಹಿಡಿದೇ ಬೆರಳಿನಲ್ಲಿ ತಿರುಗಿಸುತ್ತ ಬನ್ನಿ. ಥ್ರೆಡ್ ಮುಗಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಒಮ್ಮೆಲೇ ಕೈ ಹಿಂದಕ್ಕೆ ಎಳೆದುಕೊಳ್ಳಿ. ಧಾರೆ ತೊಟ್ಟಿಕ್ಕುವ ಹಂತಕ್ಕೆ ಬರುವ ತನಕ ಹದಿನೈದು ನಿಮಿಷ ಬಿಡಿ.

ಇಳಿದ ಆಯಿಲನ್ನು ಓದುವುದು

ಕಾಯುವ ಈ ಹೊತ್ತಿನಲ್ಲಿ ಟಬ್ಬಿನತ್ತ ಗಮನ ಕೊಡಿ. ಎಂಜಿನ್ನಿನ ರಕ್ತಪರೀಕ್ಷೆ ಇದ್ದಂತೆ ಇದು, ಬೇರೆಯವರ ಕೈಗೆ ಕೊಟ್ಟಾಗ ನಮಗೆ ಸಿಗದೇ ಹೋಗುವುದೂ ಇದೇ. ಕಪ್ಪಾಗಿರುವುದು ದೋಷವಲ್ಲ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿದೆ ಎಂದರ್ಥ. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಒಂದೆರಡು ದಿನದಲ್ಲೇ ಕಪ್ಪಾಗುತ್ತದೆ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಬಿಸಿಲಿಗೆ ಹಿಡಿಯಿರಿ. ಮಿಣಮಿಣ ಲೋಹದ ಹುಡಿ ಕಂಡರೆ ಬೇರಿಂಗ್ ಸವೆಯುತ್ತಿರಬಹುದು, ನುರಿತ ಮೆಕ್ಯಾನಿಕ್‌ಗೆ ತೋರಿಸಬೇಕು. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಎಂಜಿನ್ ಬಿಸಿಯಾಗುವ ಮುನ್ನವೇ ನಿಲ್ಲಿಸುವ ಓಡಾಟ ಹೆಚ್ಚಾಗಿದೆ, ಇಲ್ಲವೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದೆ.

ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಎಂಜಿನ್ನಿನ ಮೇಲ್ಭಾಗದ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ ತಣಿಸುವ ಕೂಲೆಂಟ್ ಒಳಗಿಳಿಯುತ್ತಿರಬಹುದು. ಆದರೆ ಮಲೆನಾಡಿನವರು, ಕರಾವಳಿಯವರು ಒಂದು ವಿಷಯ ತಿಳಿದಿರಬೇಕು. ಆಟಿ ತಿಂಗಳ ಮಳೆಯಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಬದಿಗೆ ಬೆಣ್ಣೆಯಂಥ ಲೇಪ ಕೂರುತ್ತದೆ. ಅದು ತೇವಾಂಶ ತಣಿದು ಆದದ್ದು. ಚೇಂಬರಿನ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ ಮಟ್ಟ ಇಳಿಯದಿದ್ದರೆ ಹೆದರಬೇಕಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಆವಿಯಾಗಿ ಹೋಗುತ್ತದೆ.

ಬೋಲ್ಟ್ ಮತ್ತು ಫಿಲ್ಟರ್

ಬೋಲ್ಟನ್ನು ಒರೆಸಿ, ಹಳೆಯ ವಾಷರ್ ತೆಗೆದು ಹೊಸದು ಹಾಕಿ. ಮೆದು ಲೋಹದ ಈ ವಾಷರ್ ಒಮ್ಮೆ ಅದುಮಿಕೊಂಡು ಸಂದು ಮುಚ್ಚುತ್ತದೆ. ಎರಡನೇ ಸಲಕ್ಕೆ ಅದು ಗಟ್ಟಿಯಾಗಿರುತ್ತದೆ, ಸೋರಿಕೆ ನಿಲ್ಲಿಸಲು ಬಲ ಹೆಚ್ಚು ಹಾಕಬೇಕಾಗುತ್ತದೆ. ಥ್ರೆಡ್ ಹೋಗುವ ಕಥೆ ಶುರುವಾಗುವುದೇ ಅಲ್ಲಿ. ಬೋಲ್ಟನ್ನು ಮೊದಲು ಬೆರಳಿನಲ್ಲೇ ಕೊನೆತನಕ ತಿರುಗಿಸಿ. ಎಲ್ಲಿಯಾದರೂ ತಡೆದರೆ ಥ್ರೆಡ್ ಅಡ್ಡ ಹತ್ತಿದೆ. ಹಿಂದಕ್ಕೆ ಬಿಚ್ಚಿ ಮತ್ತೆ ಕೂರಿಸಿ.

ನನ್ನ ಕಾರಿನ ಬೋಲ್ಟಿಗೆ ಹೇಳಿರುವ ಬಿಗಿತ 35 ನ್ಯೂಟನ್ ಮೀಟರ್. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಅದರಲ್ಲೇ ಬಿಗಿಯಿರಿ. ಇಲ್ಲದಿದ್ದರೆ ಹೀಗೆ ಅಂದಾಜಿಸಿ: 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 18 ಕೆ.ಜಿ. ತೂಗುಹಾಕಿದರೆ ಬೀಳುವಷ್ಟು ಬಲ ಅದು. ಮಣಿಕಟ್ಟು, ಮುಂಗೈ ಸಾಕು. ಭುಜ ಸೇರಬಾರದು, ಸ್ಪ್ಯಾನರಿಗೆ ಪೈಪು ಸಿಕ್ಕಿಸುವುದಂತೂ ಬೇಡವೇ ಬೇಡ.

ಫಿಲ್ಟರ್ ಕೆಲವು ಕಾರುಗಳಲ್ಲಿ ಮೇಲಿನಿಂದ, ಕೆಲವುಗಳಲ್ಲಿ ಅಡಿಯಿಂದ ಕೈಗೆ ಸಿಗುತ್ತದೆ. ಅದರಲ್ಲೂ ಒಂದು ಲೋಟ ಆಯಿಲ್ ಇರುತ್ತದೆ, ಟಬ್ಬನ್ನು ಅದರಡಿಗೆ ಸರಿಸಿ ಬಿಚ್ಚಿ. ಬಿಚ್ಚಿದ ತಕ್ಷಣ ಹಳೆ ಫಿಲ್ಟರಿನ ಬಾಯಿ ನೋಡಿ: ಕಪ್ಪು ರಬ್ಬರ್ ಉಂಗುರ ಅದರಲ್ಲೇ ಇದೆಯೇ? ಇಲ್ಲವೆಂದರೆ ಅದು ಎಂಜಿನ್ನಿಗೆ ಅಂಟಿಕೊಂಡು ಉಳಿದಿದೆ. ಗಮನಿಸದೆ ಹೊಸ ಫಿಲ್ಟರ್ ಹಾಕಿದರೆ ರಬ್ಬರಿನ ಮೇಲೆ ರಬ್ಬರ್ ಕೂತು, ಸ್ಟಾರ್ಟ್ ಮಾಡಿದಾಗ ಆಯಿಲಿನ ಒತ್ತಡಕ್ಕೆ ಜಾರಿ, ಅರೆಕ್ಷಣದಲ್ಲಿ ಅಂಗಳವೆಲ್ಲ ಆಯಿಲ್ ಆಗುತ್ತದೆ. ಎಂಜಿನ್ ಕೂಡ ಉಳಿಯದೇ ಹೋಗಬಹುದು. ಫಿಲ್ಟರ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ.

ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲನ್ನು ತೆಳ್ಳಗೆ ಸವರಿ. ಕೈಯಿಂದ ತಿರುಗಿಸುತ್ತ ರಬ್ಬರ್ ಮುಟ್ಟುವ ತನಕ ತಂದು, ಅಲ್ಲಿಂದ ಮುಕ್ಕಾಲು ಸುತ್ತು. ರೆಂಚ್ ಬಿಚ್ಚುವುದಕ್ಕೆ, ಹಾಕುವುದಕ್ಕೆ ಕೈ ಸಾಕು. ಕಾಗದದ ಫಿಲ್ಟರ್ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರುವ ಕಾರುಗಳಲ್ಲಿ ಮುಚ್ಚಳದ ರಬ್ಬರ್ ಉಂಗುರ (ಒ-ರಿಂಗ್) ಹೊಸದು ಹಾಕಿ, ಮುಚ್ಚಳದ ಮೇಲೆ ಅಚ್ಚಾದ ಬಿಗಿತದ ಅಂಕಿಯನ್ನು ಪಾಲಿಸಿ.

ತುಂಬುವುದು, ಅಳೆಯುವುದು

ಕಾರನ್ನು ಸಮನೆಲಕ್ಕೆ ಇಳಿಸಿ, ಆಲಿಕೆ ಇಟ್ಟು ಎರಡೂವರೆ ಲೀಟರ್ ಹೊಸ ಆಯಿಲ್ ಹಾಕಿ. ರ‍್ಯಾಂಪ್ ಬಳಸಿದ್ದರೆ ಇಳಿಸುವ ಮೊದಲೇ ಅಷ್ಟು ಹಾಕಿ, ಸೋರಿಕೆ ಇಲ್ಲವೆಂದು ನೋಡಿಕೊಂಡು ಇಳಿಸಿ. ಆಯಿಲ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ಎಳೆದು ನೋಡಿ. ಅದರ ಕೆಳಗಿನ ಮತ್ತು ಮೇಲಿನ ಗುರುತುಗಳ ಮಧ್ಯೆ ಸಾಮಾನ್ಯವಾಗಿ ಮುಕ್ಕಾಲರಿಂದ ಒಂದು ಲೀಟರ್ ಅಂತರ. ಸ್ವಲ್ಪ ಸ್ವಲ್ಪವೇ ಹಾಕುತ್ತ ಮೇಲಿನ ಗುರುತಿಗೆ ತುಸು ಕೆಳಗೆ ತನ್ನಿ.

ಮುಚ್ಚಳ ಹಾಕಿ, ಆಕ್ಸಿಲರೇಟರ್ ತುಳಿಯದೆ ಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ, ಫಿಲ್ಟರ್ ಮತ್ತು ಬೋಲ್ಟ್ ನೋಡಿ. ಆರಿದರೆ ಎರಡು ಮೂರು ನಿಮಿಷ ಓಡಲು ಬಿಟ್ಟು, ಅಡಿಗೆ ಟಾರ್ಚ್ ಬಿಟ್ಟು ಹನಿ ಇದೆಯೇ ಗಮನಿಸಿ. ಆಫ್ ಮಾಡಿ ಹತ್ತು ನಿಮಿಷದ ಮೇಲೆ ಇನ್ನೊಮ್ಮೆ ಅಳೆಯಿರಿ. ಫಿಲ್ಟರ್ ತುಂಬಿಕೊಂಡಿರುವುದರಿಂದ ಮಟ್ಟ ಚೂರು ಇಳಿದಿರುತ್ತದೆ, ಅಷ್ಟನ್ನು ಸೇರಿಸಿ. "ಇರಲಿ, ಜಾಸ್ತಿಯೇ ಇರಲಿ" ಎಂದು ಗುರುತು ಮೀರಿ ಹಾಕಬೇಡಿ. ಕ್ರ್ಯಾಂಕ್‌ಶಾಫ್ಟ್ ಮಜ್ಜಿಗೆ ಕಡೆದಂತೆ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಬೇರಿಂಗ್‌ಗೆ ರಕ್ಷಣೆ ಸಿಗುವುದಿಲ್ಲ.

ಹಳೆಯ ಆಯಿಲ್ ಎಲ್ಲಿಗೆ

ನನಗೆ ಈ ಬರಹದಲ್ಲಿ ಅತಿ ಮುಖ್ಯವೆನಿಸುವ ಭಾಗ ಇದು. ಹಳ್ಳಿಗಳಲ್ಲಿ ಹಳೆ ಆಯಿಲನ್ನು ಗೆದ್ದಲು ಹಿಡಿಯದಂತೆ ಬೇಲಿ ಗೂಟಕ್ಕೆ, ಸೆಂಟರಿಂಗ್ ಹಲಗೆಗೆ ಬಳಿಯುತ್ತಾರೆ. ಉಳಿದದ್ದನ್ನು ಚರಂಡಿಗೋ ತೆಂಗಿನ ಬುಡದಾಚೆಗೋ ಚೆಲ್ಲುತ್ತಾರೆ. ಗೂಟದಿಂದ ಮಳೆಗೆ ತೊಳೆದು ಹೋಗುವುದೂ ಮಣ್ಣಿಗೇ. ಬಳಸಿದ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಿಮ್ಮ ಟಬ್ಬಿನಲ್ಲಿರುವುದು ಸುಮಾರು ಮುಕ್ಕಾಲು ಗ್ಯಾಲನ್. ಬಾವಿ ನೀರು ಕುಡಿಯುವ ಮನೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಾನೂನಿನಲ್ಲೂ ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಗೆ ಬರುತ್ತದೆ. 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರ ಮೇಲೂ ಮರುಬಳಕೆಯ ಹೊಣೆ ಬಿದ್ದಿದೆ. ಹಳೆ ಆಯಿಲ್ ಕಸವಲ್ಲ; ನೀರು, ಮಸಿ ತೆಗೆದು ಮತ್ತೆ ಶುದ್ಧೀಕರಿಸಿದರೆ ಪುನಃ ಮೂಲ ಎಣ್ಣೆ ಸಿಗುತ್ತದೆ.

ಆಲಿಕೆ ಇಟ್ಟು ಟಬ್ಬಿನ ಆಯಿಲನ್ನು ಹೊಸ ಆಯಿಲಿನ ಖಾಲಿ ಡಬ್ಬಿಗೇ ತುಂಬಿ, ಮೇಲೆ "ಹಳೆ ಆಯಿಲ್" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಕೂಲೆಂಟ್, ಸೀಮೆಎಣ್ಣೆ, ನೀರು ಏನನ್ನೂ ಬೆರೆಸಬೇಡಿ. ಬೆರೆತರೆ ಶುದ್ಧೀಕರಿಸುವವರು ತೆಗೆದುಕೊಳ್ಳುವುದಿಲ್ಲ. ಹಳೆ ಫಿಲ್ಟರನ್ನು ಬಾಯಿ ಕೆಳಗಾಗಿ ಟಬ್ಬಿನ ಮೇಲೆ ಒಂದು ರಾತ್ರಿ ಇಟ್ಟರೆ ಅದರೊಳಗಿನದೂ ಇಳಿಯುತ್ತದೆ. ನೆಲಕ್ಕೆ ಚೆಲ್ಲಿದ್ದರೆ ಮರದ ಹೊಟ್ಟು ಹರಡಿ ಹೀರಿಸಿ, ಗುಡಿಸಿ ಪ್ರತ್ಯೇಕ ಚೀಲಕ್ಕೆ ತುಂಬಿ; ಗೊಬ್ಬರದ ಗುಂಡಿಗೆ ಬೇಡ. ಆಮೇಲೆ ಇದನ್ನೆಲ್ಲ ದೊಡ್ಡ ಸರ್ವೀಸ್ ಸೆಂಟರಿಗೋ, ಬ್ಯಾರೆಲ್‌ನಲ್ಲಿ ಕೂಡಿಟ್ಟು ಅಧಿಕೃತ ಮರುಶುದ್ಧೀಕರಣ ಘಟಕಕ್ಕೆ ಕಳಿಸುವ ಗ್ಯಾರೇಜಿಗೋ ಕೊಡಿ. ಕೊಡುವ ಮುನ್ನ "ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿ. ನಾನು ಕೇಳಿದ ಮೊದಲ ಗ್ಯಾರೇಜಿನವರಲ್ಲಿ ಉತ್ತರವಿರಲಿಲ್ಲ, ಎರಡನೆಯವರು ರಸೀದಿ ಪುಸ್ತಕವನ್ನೇ ತೋರಿಸಿದರು. ಈಗ ನನ್ನ ಡಬ್ಬಿ ಹೋಗುವುದು ಅವರಲ್ಲಿಗೆ.

ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮೀಟರಿನ ಓದು, ಆಯಿಲಿನ ಗ್ರೇಡ್, ಎಷ್ಟು ಲೀಟರ್ ಹಿಡಿಯಿತು ಎಂಬುದನ್ನು ಬರೆದು, ಬಿಲ್ಲನ್ನು ಅಲ್ಲೇ ಪಿನ್ ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ಸರ್ವೀಸ್ ನೆನಪೋಲೆ ಬರುವ ಕಾರಾದರೆ ಅದನ್ನು ರೀಸೆಟ್ ಮಾಡಿ. ರಾತ್ರಿ ಕಾರಿನಡಿಗೆ ಒಂದು ಹಳೆ ಪೇಪರ್ ಹಾಸಿ, ಬೆಳಿಗ್ಗೆ ಎದ್ದು ಹನಿ ಬಿದ್ದಿದೆಯೇ ನೋಡಿ. ಐವತ್ತು ಕಿ.ಮೀ. ಓಡಿದ ಮೇಲೆ ಡಿಪ್‌ಸ್ಟಿಕ್ ಮತ್ತೊಮ್ಮೆ ಎಳೆದು ನೋಡಿ.